ನೆರೆ, ಗುಡ್ಡ ಕುಸಿತದ ಬಳಿಕ ಮನೆ ಕಟ್ಟಲು ಮೇಸ್ತ್ರಿ ಸಾಲದೇ, ವಾಸ್ತುಶಿಲ್ಪಿ ಏಕೆ ಬೇಕು?

ಗೋಡೆ ಎಬ್ಬಿಸಲು ಮೇಸ್ತ್ರಿ ಸಾಕು. ಆದರೆ ಮನೆಗಳು ಎಲ್ಲಿ, ಎಷ್ಟು ಎತ್ತರದಲ್ಲಿ ನಿಲ್ಲಬೇಕು, ಮಳೆನೀರು ಯಾವ ಕಡೆ ಹರಿಯಬೇಕು ಎಂದು ಇಡೀ ಊರಿಗೆ ಸೇರಿಸಿ ಯೋಚಿಸಲು ವಾಸ್ತುಶಿಲ್ಪಿ ಬೇಕು.

2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದ ಗುಡ್ಡದ ಮಣ್ಣು ಗಂಗಾವಳಿಗೆ ಬಿತ್ತು. ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳನ್ನು ಕೆಡವಿತು. ಗುಡ್ಡದ ಬುಡದಲ್ಲಿ ಇಲ್ಲದ ಮಾತ್ರಕ್ಕೆ ಜಾಗ ಸುರಕ್ಷಿತವಲ್ಲ. ನೀರು ಕುಡಿದ ಮಣ್ಣಿನ ಭಾರ ಹೆಚ್ಚುತ್ತದೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಇಳಿಜಾರಿನ ಬುಡವನ್ನೂ ಕಡಿದಿದ್ದರೆ ಅದಕ್ಕೆ ಆಸರೆಯೇ ಇರುವುದಿಲ್ಲ. ಹಾಗಾಗಿ ಒಳ್ಳೆಯ ವಾಸ್ತುಶಿಲ್ಪಿ ಭೂವಿಜ್ಞಾನಿಯ ಜೊತೆ ನಡೆದು, ಕಟ್ಟಬಾರದ ಜಾಗವನ್ನು ಮೊದಲು ಗುರುತಿಸುತ್ತಾರೆ. ನನ್ನ ದೃಷ್ಟಿಯಲ್ಲಿ ನಕ್ಷೆಗಿಂತ ಇದೇ ದೊಡ್ಡ ಕೆಲಸ.

ನದಿಯಂಚಿನಲ್ಲಿ ನೆಲಗಟ್ಟನ್ನು ಹಿಂದಿನ ನೆರೆಯ ಮಟ್ಟಕ್ಕಿಂತ ಮೇಲೆತ್ತಬೇಕು. ನೆನೆದರೆ ಕುಸಿಯುವ ಹಸಿಮಣ್ಣಿನ ಗೋಡೆಗಿಂತ ಸಿಮೆಂಟ್ ಗಾರೆಯಲ್ಲಿ ಕಟ್ಟಿದ ಚಿರೇಕಲ್ಲು ಮೇಲು.

ಜನರ ದುಡಿಮೆಯನ್ನೂ ವಾಸ್ತುಶಿಲ್ಪಿ ಕೇಳಿ ತಿಳಿಯಲೇಬೇಕು. ಮೀನುಗಾರರಿಗೆ ದೋಣಿಯಿಂದ ಬಹಳ ದೂರದಲ್ಲಿ, ಬಲೆ ಹರವಲು ಅಂಗಳವಿಲ್ಲದ ಮನೆ ಕೊಟ್ಟರೆ ಅವರು ಅಪಾಯದ ದಡಕ್ಕೇ ಮರಳಬೇಕಾಗುತ್ತದೆ.