ಸ್ಟಾರ್‌ಡ್ಯೂ ವ್ಯಾಲಿ ಎರಡನೇ ವರ್ಷಕ್ಕೇ ಬೇಜಾರಾದರೆ

ಬೇಸಾಯದ ವಿಡಿಯೊ ಗೇಮ್ ಸ್ಟಾರ್‌ಡ್ಯೂ ವ್ಯಾಲಿ, ಆಟದೊಳಗಿನ ಎರಡನೇ ವರ್ಷಕ್ಕೆ ಆಫೀಸ್ ಕೆಲಸದ ಹಾಗೆ ಅನ್ನಿಸುತ್ತಿದೆ, ತಪ್ಪು ನನ್ನದಾ ಎಂದು ಕೇಳಿದ್ದೀರಿ. ನಿಮ್ಮದಲ್ಲ ಬಿಡಿ. ಶುರುವಿನಲ್ಲಿ 15 ಬೀಜ ಬಿತ್ತಿ, ನಾಲ್ಕೇ ದಿನಕ್ಕೆ ಬೆಳೆ ಕೀಳುವ ಖುಷಿಯೇ ಬೇರೆ. ಮಳೆ ಬಾರದಿದ್ದರೂ ಕೆರೆ ಬತ್ತುವುದಿಲ್ಲ, ಬೆಲೆಯೂ ಬೀಳುವುದಿಲ್ಲ. (ನಿಜವಾದ ಹೊಲ ಇರುವವರು ನೋಡಿದರೆ ನಗುತ್ತಾರೆ!) ಆದರೆ ಋತುವಿಗೆ 28 ದಿನ ಅಷ್ಟೇ. ರಾತ್ರಿ 2 ಗಂಟೆಯಾದರೆ ನಿಂತಲ್ಲೇ ಕುಸಿದು ಬೀಳುತ್ತೀರಿ. ಆರಾಮಿನ ಆಟ ಅಂತಾರೆ, ಗಡಿಯಾರ ಮಾತ್ರ ಬೆನ್ನು ಬಿಡುವುದಿಲ್ಲ. ನೂರು ಗಿಡಕ್ಕೆ ದಿನಾ ನೀರು ಹಾಕುತ್ತಾ ಹೋದರೆ ಯಾರಿಗಾದರೂ ಸಾಕಾಗುತ್ತದೆ, ಅಲ್ವಾ? ಕ್ವಾಲಿಟಿ ಸ್ಪ್ರಿಂಕ್ಲರ್ ಮಾಡಿಕೊಳ್ಳಿ. ಒಂದೊಂದೂ ಸುತ್ತಲಿನ 8 ಚೌಕಕ್ಕೆ ಬೆಳಗ್ಗೆ ತಾನೇ ನೀರು ಹಾಯಿಸುತ್ತದೆ. ನಾನಂತೂ ಅರ್ಧ ಹೊಲ ಬೀಳು ಬಿಟ್ಟು, ಸುಮ್ನೆ ಮೀನು ಹಿಡಿಯಲು ಹೋಗುತ್ತೇನೆ.