ಆಯಿಯ ಕಣ್ಣಿಗೆ ಔಷಧ ಹಾಕುವವರು ಯಾರು?

ಕೇಂದ್ರ ಸರ್ಕಾರದ ವಸತಿ ಶಾಲೆ ಜವಾಹರ ನವೋದಯ ವಿದ್ಯಾಲಯದ 6ನೇ ತರಗತಿಗೆ ಆಯ್ಕೆಯಾಗಿದ್ದ ಹತ್ತು ವರ್ಷದ ಮಗಳನ್ನು ಕರೆದುಕೊಂಡು ರೋಣ ತಾಲ್ಲೂಕಿನ ರೈತ ದಂಪತಿ ಸಲಹೆ ಕೇಳಲು ಧಾರವಾಡಕ್ಕೆ ನನ್ನ ಬಳಿ ಬಂದಾಗ, ದಾಖಲಾತಿಗೆ ಉಳಿದಿದ್ದದ್ದು ಕೆಲವೇ ದಿನ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ತಂದೆಗೆ ಕಳಿಸಲೇಬೇಕೆಂಬ ಹಟ, ತಾಯಿಗೆ ಕಳಿಸಲಾರದ ಸಂಕಟ. ಆಯ್ಕೆಪಟ್ಟಿ ಬಂದಂದಿನಿಂದ ಹುಡುಗಿ ಸರಿಯಾಗಿ ಉಣ್ಣುತ್ತಿಲ್ಲವೆಂಬ ಮಾತು ಬಂದದ್ದು ಕೊನೆಗೆ.

ಮಗುವಿನೊಂದಿಗೆ ಪ್ರತ್ಯೇಕವಾಗಿ ಕುಳಿತೆ. ಎಪಿಎಂಸಿಯಲ್ಲಿ ತಂದೆ ಮಾರಿದ ಕಡಲೆಯ ತೂಕ, ದರ, ಹಮಾಲಿಗಳನ್ನು ಆಕೆ ಬಾಯಲ್ಲೇ ಲೆಕ್ಕ ಹಾಕಿ ಹೇಳಿದಳು. "ಸಾಲ್ಯಾಗ ನನ್ನ ಲೆಕ್ಕ ಲಗೂ ಮುಗಿತಾವ್ರಿ, ಆಮ್ಯಾಲೆ ಸುಮ್ಮ ಕುಂದ್ರತೀನಿ" ಎಂದಳು. ಇದನ್ನು ನಾನು ಲಘುವಾಗಿ ಕಾಣಲಾರೆ. ಬೇಗ ಮುಗಿಸಿದ ಮಗುವಿಗೆ ಮುಂದಿನ ಕೆಲಸ ಸಿಗದಿದ್ದರೆ ಅದು ಕ್ರಮೇಣ ನಿಧಾನವಾಗಿರುವುದನ್ನೇ ಕಲಿಯುತ್ತದೆ. ಆದರೆ ಹೋಗಲು ಭಯವೇ ಎಂದು ಕೇಳಿದ್ದಕ್ಕೆ, "ಆಯಿ ಕಣ್ಣಿಗೆ ರಾತ್ರಿ ಔಷಧ ಯಾರ್ ಹಾಕ್ತಾರ್ರಿ?" ಎಂದು ಅತ್ತುಬಿಟ್ಟಳು. ಕಣ್ಣಿನ ಒತ್ತಡದ ಕಾಯಿಲೆಯಿರುವ ಅಜ್ಜಿಗೆ ದಿನವೂ ಹನಿ ಹಾಕುತ್ತಿದ್ದವಳು ಇವಳೇ. ಮನೆಯಲ್ಲಿ ಯಾರಿಗೂ ಇದು ಚರ್ಚೆಯ ವಿಷಯವಾಗಿ ತೋರಿರಲಿಲ್ಲ.

ತಂದೆತಾಯಿಗೆ ಹೇಳಿದ್ದು ಇಷ್ಟು. ನವೋದಯದ ಆಯ್ಕೆ ಪರೀಕ್ಷೆಯಲ್ಲಿ ಎರಡು ಗಂಟೆಯಲ್ಲಿ ಬಿಡಿಸುವ 80 ಪ್ರಶ್ನೆಗಳು ಬುದ್ಧಿಶಕ್ತಿ, ಅಂಕಗಣಿತ, ಭಾಷೆಗಳನ್ನು ಅಳೆಯುತ್ತವೆಯೇ ಹೊರತು ಮನೆ ಬಿಟ್ಟಿರುವ ಸಿದ್ಧತೆಯನ್ನಲ್ಲ. ನವೋದಯದಲ್ಲಿ ವಸತಿ, ಊಟ, ಪುಸ್ತಕ ಉಚಿತ. ಆರಂಭದ ತರಗತಿಗಳಲ್ಲಿ ಪ್ರಾದೇಶಿಕ ಭಾಷೆಯಲ್ಲೇ ಕಲಿಸುವುದರಿಂದ ಇಂಗ್ಲಿಷಿನ ಆತಂಕ ಈಗಲೇ ಬೇಡ. ಆದರೆ 9ನೇ ತರಗತಿಯಲ್ಲಿ ಕೆಲವರು ಒಂದು ವರ್ಷ ಹಿಂದಿ ರಾಜ್ಯದ ನವೋದಯದಲ್ಲಿ ಓದಬೇಕಾಗಬಹುದೆಂಬುದು ತಾಯಿಗೆ ಮೊದಲೇ ಗೊತ್ತಿರಬೇಕು. ಊರಲ್ಲೇ ಉಳಿದರೂ ದಾರಿ ಮುಚ್ಚುವುದಿಲ್ಲ: 8ನೇ ತರಗತಿಯಲ್ಲಿ ಎನ್‌ಎಂಎಂಎಸ್ (ಕಡಿಮೆ ಆದಾಯದ ಮನೆಯ ಪ್ರತಿಭಾವಂತ ಮಕ್ಕಳಿಗಾಗಿ ಇರುವ ರಾಷ್ಟ್ರೀಯ ವಿದ್ಯಾರ್ಥಿವೇತನ) ಪರೀಕ್ಷೆ ಪಾಸಾಗಿ ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನವಿದೆ, ನವೋದಯದ ಖಾಲಿ ಸ್ಥಾನಗಳಿಗೆ 9ನೇ ತರಗತಿಯಲ್ಲೂ ಪ್ರವೇಶ ಪರೀಕ್ಷೆ ನಡೆಯುತ್ತದೆ. ಊರಿನ ಶಿಕ್ಷಕರೊಬ್ಬರು ಆಕೆಗೆ 7ನೇ ತರಗತಿಯ ಗಣಿತ ಪುಸ್ತಕ ಕೊಟ್ಟಿದ್ದರೆಂದು ತಿಳಿದು ನನಗೆ ಸಮಾಧಾನವಾಯಿತು. ಆದರೆ ಅವರ ವರ್ಗಾವಣೆಯಾಗಿತ್ತು, ಮತ್ತು ನನ್ನ ಮನಸ್ಸು ನವೋದಯದ ಕಡೆಗೆ ವಾಲಿದ್ದು ಮುಖ್ಯವಾಗಿ ಆ ಕಾರಣಕ್ಕೆ.

ಕಳಿಸಿ, ಆದರೆ ದಸರಾ ರಜೆಯವರೆಗೆ ನೋಡಿ. ಹೊಂದಿಕೆಯಾಗದಿದ್ದರೆ ಒಂದು ಬಿರುಮಾತೂ ಆಡದೆ ಮರಳಿ ಊರ ಶಾಲೆಗೆ ಸೇರಿಸುವುದಾಗಿ ಮಗುವಿನ ಎದುರೇ ಮಾತು ಕೊಡಿ ಎಂದೆ. ತಂದೆ ಬಹಳ ಹೊತ್ತು ಸುಮ್ಮನಿದ್ದು ಒಪ್ಪಿದರು. ಹನಿ ಹಾಕುವುದನ್ನು ಹುಡುಗಿಯೇ ಅಣ್ಣನಿಗೆ ಕಲಿಸಬೇಕೆಂದೂ ಸೂಚಿಸಿದೆ. ಹೊರಡುವ ಮುನ್ನ ಆರು ರಾತ್ರಿ ಅವನಿಂದ ಹಾಕಿಸಿ, ಪಕ್ಕದಲ್ಲಿ ನಿಂತು ನೋಡಿದಳಂತೆ.

ದಸರೆಗೆ ಬಂದವಳು ಮೊದಲು ಅಜ್ಜಿಯ ಔಷಧದ ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ಬೆಳಕಿಗೆ ಹಿಡಿದು ನೋಡಿದಳೆಂದು ತಾಯಿ ಫೋನಿನಲ್ಲಿ ಹೇಳಿದರು. ರಜೆ ಮುಗಿದ ದಿನ ಬ್ಯಾಗು ತಾನೇ ತುಂಬಿಕೊಂಡಳಂತೆ.