ಮೂರೂ ಪೇಪರ್ ಪಾಸ್, ಗ್ರೂಪ್ ಫೇಲ್

ಬಿ.ಕಾಂ ಜೊತೆ ಸಿಎ ಓದುವ ಮಕ್ಕಳು ಕೌನ್ಸೆಲರ್ ಆದ ನನ್ನ ಹತ್ತಿರ ಸಿಎ ವಿಷಯಕ್ಕೆ ಅಂತ ಬರುವುದೇ ಇಲ್ಲ. ನಿದ್ದೆ ಬರುತ್ತಿಲ್ಲ, ತಲೆನೋವು, ಹಾಜರಾತಿ ಕಡಿಮೆ ಅಂತ ಕಾಲೇಜಿನವರು ಕಳಿಸಿದರು, ಹೀಗೆ ಏನೋ ಒಂದು ನೆಪ. ರಿಸಲ್ಟಿನ ಮಾತು ಹೊರಬೀಳುವುದು ಕೊನೆಗೆ. ಹೋದ ವಾರ ಇನ್ನೊಬ್ಬ ಹುಡುಗ ಹೀಗೇ ಬಂದ. ಅದಕ್ಕೇ ಕೆಲ ತಿಂಗಳ ಹಿಂದಿನ ಈ ಪ್ರಕರಣ ಬರೆಯುತ್ತಿದ್ದೇನೆ, ಆ ಹುಡುಗಿಯ ಒಪ್ಪಿಗೆ ಪಡೆದೇ. ಹೆಸರು ಬೇರೆ ಇಟ್ಟಿದ್ದೇನೆ. ಅಂಕಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ.

ರಮ್ಯಾ ಎನ್ನೋಣ. ಬಿ.ಕಾಂ ಐದನೇ ಸೆಮಿಸ್ಟರ್. ಅಪ್ಪ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ವರ್ಷಾ ವರ್ಷ ಅಂಗಡಿಯ ಫೈಲು ಹೊತ್ತು ಆಡಿಟರ್ ಆಫೀಸಿಗೆ ಹೋಗಿ ಬೆಂಚಿನ ಮೇಲೆ ಕಾಯುವುದೂ ಅವರೇ. ಮಗಳು ಒಳಗಿನ ಕುರ್ಚಿಯಲ್ಲಿ ಕೂರಬೇಕು ಅನ್ನೋ ಆಸೆ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಾ? ಪಿಯುಸಿ ಮುಗಿದ ಮೇಲೆ ಸಿಎಯ ಮೊದಲ ಹಂತ ಫೌಂಡೇಶನ್ ಸಲೀಸಾಗಿ ಪಾಸು. ಆಮೇಲೆ ಎರಡನೇ ಹಂತ, ಇಂಟರ್.

ಇಲ್ಲಿ ಒಂದು ನಿಯಮ ಹೇಳಬೇಕು, ಯಾಕಂದ್ರೆ ತುಂಬಾ ತಂದೆತಾಯಿಗೆ ಇದು ಗೊತ್ತೇ ಇರುವುದಿಲ್ಲ. ಸಿಎ ಇಂಟರ್‌ನಲ್ಲಿ ಎರಡು ಗ್ರೂಪ್, ಒಂದೊಂದರಲ್ಲಿ ಮೂರು ಪೇಪರ್. ಮೊದಲನೆಯದರಲ್ಲಿ ಅಕೌಂಟಿಂಗ್, ಕಾನೂನು, ಟ್ಯಾಕ್ಸ್. ಎರಡನೆಯದರಲ್ಲಿ ಕಾಸ್ಟಿಂಗ್, ಆಡಿಟಿಂಗ್, ಫೈನಾನ್ಸ್. ಪ್ರತಿ ಪೇಪರಿಗೆ 40 ಬಂದರೆ ಸಾಲದು, ಮೂರೂ ಸೇರಿ 300ಕ್ಕೆ 150 ಬರಬೇಕು. ಗ್ರೂಪ್ ಹೋದರೂ ಯಾವುದಾದರೂ ಪೇಪರಿನಲ್ಲಿ 60 ಬಂದಿದ್ದರೆ ಅದನ್ನು ಮುಂದಿನ ಮೂರು ಸಲ ಬರೆಯಬೇಕಾಗಿಲ್ಲ.

ರಮ್ಯಾಗೆ ಮೊದಲ ಸಲ ಬಂದದ್ದು 58, 41, 43. ಒಟ್ಟು 142. ಯಾವ ಪೇಪರೂ ಫೇಲಲ್ಲ, ಗ್ರೂಪ್ ಮಾತ್ರ ಫೇಲ್. 58ಕ್ಕೆ ಇನ್ನೆರಡು ಸೇರಿದ್ದರೆ ಅಕೌಂಟಿಂಗ್ ಆದರೂ ಕೈಗೆ ಉಳಿಯುತ್ತಿತ್ತು, ಅದೂ ಇಲ್ಲ. ಮನೆಯಲ್ಲಿ ಕೇಳಿದಾಗ "ಮೂರೂ ಪೇಪರ್ ಪಾಸ್" ಅಂದುಬಿಟ್ಟಳು. ಸುಳ್ಳಲ್ಲ, ಅಲ್ವಾ? ಸಂಜೆಯೊಳಗೆ ಅಮ್ಮ ಮೈಸೂರು ಪಾಕ್ ತರಿಸಿ ಬೀದಿಗೆಲ್ಲ ಹಂಚಿದರು. ಆಮೇಲೆ ಮದುವೆ, ನಾಮಕರಣ ಎಲ್ಲಿಗೆ ಹೋದರೂ "ನಮ್ಮ ಆಡಿಟರ್ ಬಂದ್ಲು" ಅನ್ನುವ ಮಾತು.

ನನ್ನ ಹತ್ತಿರ ಅವಳನ್ನು ಕಾಲೇಜಿನವರು ಕಳಿಸಿದ್ದು ಹಾಜರಾತಿ 75ಕ್ಕಿಂತ ಕೆಳಗಿದೆ ಅಂತ. ಮೊದಲ ಭೇಟಿಯಲ್ಲಿ ಏನೂ ಹೇಳಲಿಲ್ಲ. ಎರಡನೇ ಭೇಟಿಗೆ ಮುಂಚೆ ಬಂದು ಹೊರಗೆ ಕೂತು ಓದುತ್ತಿದ್ದಳು, ಪುಸ್ತಕ ಹಿಡಿದುಕೊಂಡೇ ಒಳಗೆ ಬಂದು ಮೇಜಿನ ಮೇಲೆ ಇಟ್ಟಳು. ಕಂದು ಬಣ್ಣದ ರಟ್ಟು ಕಾಗದದ ಹೊದಿಕೆ, ಅಂಚುಗಳನ್ನು ನೀಟಾಗಿ ಮಡಚಿ ಸೆಲ್ಲೋಟೇಪ್ ಹಾಕಿತ್ತು. ಶಾಲೆ ಮಕ್ಕಳು ಅಂಟಿಸುತ್ತಾರಲ್ಲ, ಆ ಥರದ ಲೇಬಲ್. ಅದರ ಮೇಲೆ 'ಆಡಿಟಿಂಗ್' ಅಂತ ದುಂಡಗೆ ಬರೆದಿದ್ದಳು. ಸುಮ್ನೆ ಮಾತಿಗೆ ಶುರು ಮಾಡೋಣ ಅಂತ ಪುಸ್ತಕ ತೆರೆದೆ. ಒಳಗೆ ಸಂಬಳದ ಆದಾಯ, ಮನೆ ಬಾಡಿಗೆ ಭತ್ಯೆ, ಟಿಡಿಎಸ್. ಇನ್‌ಕಮ್ ಟ್ಯಾಕ್ಸ್ ಪುಸ್ತಕ.

"ಹೊದಿಕೆ ಅದಲು ಬದಲಾಗಿದೆಯೇನಮ್ಮ?" ಅಂದೆ.

"ಇಲ್ಲ ಮೇಡಂ. ಮನೇಲಿ ನಾನು ಎರಡನೇ ಗ್ರೂಪ್ ಓದ್ತಿದೀನಿ."

ಸ್ವಲ್ಪ ಹೊತ್ತು ಬಿಟ್ಟು ತಾನೇ ಎಲ್ಲ ಹೇಳಿದಳು. ಅಪ್ಪ ಪುಸ್ತಕದ ಹೆಸರು ನೋಡುತ್ತಾರೆ, ಅದಕ್ಕೆ ಮೂರೂ ಪುಸ್ತಕಕ್ಕೆ ಹೊದಿಕೆ. ಆಮೇಲೆ ಎರಡು ಸಲ ಮತ್ತೆ ಬರೆದಿದ್ದಾಳೆ. ಬಂದದ್ದು 131, ಆಮೇಲೆ 118. ಮುಂದಿನ ಫಾರ್ಮ್ ತುಂಬಲು ನಾಲ್ಕು ದಿನ ಉಳಿದಿತ್ತು. ಈ ಸಲ ಪಾಸಾಗುತ್ತೆ ಅನಿಸುತ್ತಾ ಅಂತ ಕೇಳಿದೆ. ಅವಳು ಹೇಳಿದ್ದು: "ನಾನು ಪಾಸಾಗೋಕೆ ಬರೀತಿಲ್ಲ ಮೇಡಂ. ಗೊತ್ತಾಗಬಾರದು ಅಂತ ಬರೀತಿದೀನಿ."

ಇಂಟರ್ ಪರೀಕ್ಷೆ ವರ್ಷಕ್ಕೆ ಮೂರು ಸಲ ನಡೆಸುವ ಪದ್ಧತಿ 2024ರಲ್ಲಿ ಶುರುವಾಯಿತು. ಸ್ವಲ್ಪದರಲ್ಲಿ ತಪ್ಪಿಸಿಕೊಂಡವರಿಗೆ ಅದು ಒಳ್ಳೆಯದೇ. ಆದರೆ ಮುಚ್ಚಿಡುವ ಮಕ್ಕಳಿಗೆ? ಒಂದು ರಿಸಲ್ಟ್ ಅರಗಿಸಿಕೊಳ್ಳುವ ಮೊದಲೇ ಇನ್ನೊಂದು ಫಾರ್ಮ್. ಎಲ್ಲಿ ತಪ್ಪಾಯಿತು ಅಂತ ನೋಡಲು ಪುರುಸೊತ್ತೇ ಇಲ್ಲ. ರಿಸಲ್ಟ್ ಬಂದ ಮೇಲೆ ಹೇಳಿದ ದಿನದೊಳಗೆ ಅರ್ಜಿ ಹಾಕಿದರೆ ಸಿಎ ಪರೀಕ್ಷೆ ನಡೆಸುವ ಐಸಿಎಐನಿಂದ ಉತ್ತರ ಪತ್ರಿಕೆಯ ಪ್ರತಿ ಸಿಗುತ್ತದೆ. ರಮ್ಯಾ ಒಂದು ಸಲವೂ ತರಿಸಿಕೊಂಡಿರಲಿಲ್ಲ. ನೋಡಲು ಭಯ.

ನಾನು ಹೇಳಿದ್ದು ಇಷ್ಟು. ಈ ಸಲ ಫಾರ್ಮ್ ತುಂಬಬೇಡ. ಬಿ.ಕಾಂ ಮುಗಿಸು, ಹಾಜರಾತಿ ಸರಿ ಮಾಡಿಕೋ. ಮನೆಯಲ್ಲಿ ಮೊದಲು ಅಪ್ಪನಿಗೆ ಹೇಳು, ಅಮ್ಮನಿಗಲ್ಲ, ಇಬ್ಬರಿಗೂ ಒಟ್ಟಿಗಂತೂ ಬೇಡ. ಹೇಳುವಾಗ ಮಾತು ಕಡಿಮೆ ಇರಲಿ, ಮೂರು ಅಂಕಪಟ್ಟಿ ಪ್ರಿಂಟ್ ತೆಗೆದು ಮುಂದಿಡು. ಅಪ್ಪನಿಗೇ ಮೊದಲು ಯಾಕೆ ಅಂತ ಅವಳಿಗೆ ಅರ್ಥ ಆಗಲಿಲ್ಲ, ಅವಳಿಗೆ ಭಯ ಇದ್ದದ್ದೇ ಅಪ್ಪನದ್ದು. ನನ್ನ ಲೆಕ್ಕ ಬೇರೆ. ಮೂವತ್ತು ವರ್ಷ ಲೆಡ್ಜರ್ ಬರೆದ ಮನುಷ್ಯನಿಗೆ 142ಕ್ಕೂ 150ಕ್ಕೂ ಎಷ್ಟು ಅಂತರ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಹಿ ಹಂಚಿದವರಿಗೆ ಅದು ಮರ್ಯಾದೆ ಪ್ರಶ್ನೆ, ಅವರಿಗೆ ಸಮಯ ಬೇಕು.

ಫಾರ್ಮ್ ತುಂಬದಿರು ಅಂದದ್ದಕ್ಕೆ ಕೋಚಿಂಗ್ ಸರ್ ಒಬ್ಬರು ನನಗೆ ಫೋನ್ ಮಾಡಿ ಸಿಟ್ಟಾದರು. ಎಂಟು ಅಂಕದ ಹುಡುಗಿ, ಬರೀತಾ ಇದ್ರೆ ಯಾವತ್ತಾದ್ರೂ ದಾಟುತ್ತಾಳೆ, ಓದು ನಿಲ್ಲಿಸಿದರೆ ಟಚ್ ಹೋಗುತ್ತೆ, ಮೇಲೆ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯೇ ಬದಲಾಗಿದೆ ಅಂತ. ಆಗ ನಾನು ಅವಳ ವಿಷಯ ಮಾತಾಡುವಂತಿರಲಿಲ್ಲ. ಈಗ ಹೇಳುತ್ತೇನೆ. ಕಾಯ್ದೆಯ ಮಾತು ನಿಜ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆ. ಉಳಿತಾಯಕ್ಕೆ ಟ್ಯಾಕ್ಸ್ ರಿಯಾಯಿತಿ ಕೊಡುವ, ಎಲ್ಲರ ಬಾಯಲ್ಲಿದ್ದ ಸೆಕ್ಷನ್ 80ಸಿ ಈಗ 123, ಪ್ರೀವಿಯಸ್ ಇಯರ್ (ಆದಾಯ ಬಂದ ವರ್ಷ), ಅಸೆಸ್‌ಮೆಂಟ್ ಇಯರ್ (ಅದರ ಟ್ಯಾಕ್ಸ್ ಲೆಕ್ಕ ಹಾಕುವ ವರ್ಷ) ಹೋಗಿ ಟ್ಯಾಕ್ಸ್ ಇಯರ್ ಅಷ್ಟೇ. ಮುಂದಕ್ಕೆ ಹಾಕಿದರೆ ಒಂದಿಷ್ಟು ಹೊಸದಾಗಿ ಓದಲೇಬೇಕು, ಅದು ನಷ್ಟವೇ. ಆದರೆ ಟ್ಯಾಕ್ಸ್ ಕೆಲಸವನ್ನೇ ನಂಬಿ ಬದುಕುವವರಿಗೆ ಇದು ಹೊಸದಲ್ಲ, ಪ್ರತಿ ಬಜೆಟ್ ಆದಮೇಲೂ ಮತ್ತೆ ಓದಬೇಕು. ಎಂಟು ಅಂಕದ ಮಾತು ಮಾತ್ರ ಒಪ್ಪಲ್ಲ. ಎಂಟು ಅಂಕ ಕಡಿಮೆ ಬಂದಾಗ ಇದ್ದ ಹುಡುಗಿ ಬೇರೆ. ನನ್ನ ಮುಂದೆ ಕೂತವಳಿಗೆ ಬಂದದ್ದು 118, ಅಂದರೆ ಮೂವತ್ತೆರಡು ಕಡಿಮೆ, ಪ್ರತಿ ಸಲ ಇಳಿಯುತ್ತಲೇ ಬಂದಿದ್ದಾಳೆ. ಅವಳಿಗೆ ವಿಷಯ ಗೊತ್ತಿಲ್ಲದ್ದಕ್ಕೆ ಅಂಕ ಇಳಿದದ್ದಲ್ಲ. ಓದದೇ ಇರುವ ಆಡಿಟಿಂಗ್ ಬಗ್ಗೆ ಮನೆಯಲ್ಲಿ ಮಾತಾಡಿ, ಕೋಣೆಯ ಬಾಗಿಲು ಹಾಕಿಕೊಂಡು ಟ್ಯಾಕ್ಸ್ ಓದಿದರೆ ತಲೆಗೆ ಏನು ಹತ್ತುತ್ತದೆ? ಯಾರನ್ನೂ ನಾನು ಸಿಎ ಬಿಡಿಸುವುದಿಲ್ಲ. ಮುಚ್ಚಿಟ್ಟು ಬರೆಯುವುದನ್ನು ಮಾತ್ರ ಬಿಡಿಸುತ್ತೇನೆ.

ಇನ್ನು ಡಿಗ್ರಿ. ಈ ಮಕ್ಕಳು ಬಿ.ಕಾಂ ಅನ್ನು ಲೆಕ್ಕಕ್ಕೇ ಇಡುವುದಿಲ್ಲ, ಅದು ನನಗೆ ಸಿಟ್ಟು ಬರಿಸುವ ವಿಷಯ. ಸಿಎ ಆಗದಿದ್ದರೂ ಬಿ.ಕಾಂ ಕೈಯಲ್ಲಿದ್ದರೆ ಎಂ.ಕಾಂ, ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ, ಜಿಎಸ್‌ಟಿ ಪ್ರಾಕ್ಟೀಷನರ್, ಏನೋ ಒಂದು ದಾರಿ ಇರುತ್ತದೆ. ಸಿಎ ಅರ್ಧ, ಬಿ.ಕಾಂನಲ್ಲಿ ಎರಡು ಬ್ಯಾಕ್‌ಲಾಗ್ ಅಂದರೆ ಅಂಗಡಿಯಲ್ಲಿ ಟ್ಯಾಲಿ ಎಂಟ್ರಿ ಕೆಲಸಕ್ಕೂ ಪ್ರಶ್ನೆ ಕೇಳುತ್ತಾರೆ.

ಮನೆಯಲ್ಲಿ ಏನಾಯ್ತು ಅಂತ ಅವಳೇ ಬಂದು ಹೇಳಿದಳು. ಅಪ್ಪ ಅಂಕಪಟ್ಟಿ ತೆಗೆದುಕೊಂಡು ಮೊದಲು ಮಾಡಿದ್ದು ಜೇಬಿನಿಂದ ಪೆನ್ ತೆಗೆದು ಮೂರೂ ಹಾಳೆಯ ಒಟ್ಟು ಮತ್ತೆ ಕೂಡಿದ್ದು. ಆಮೇಲೆ ಕೇಳಿದ್ದು "ಮೊದಲನೇದು ಸರಿ. ಮಿಕ್ಕೆರಡು ಯಾಕೆ ಇಳೀತು?" ಬೈಯಲಿಲ್ಲ. ಅಮ್ಮ ಮಾತ್ರ ಬಹಳ ದಿನ ಮಾತು ಬಿಟ್ಟಿದ್ದರು, ಫೇಲಾದದ್ದಕ್ಕಲ್ಲ, ಮೈಸೂರು ಪಾಕ್ ಹಂಚುವಾಗ ಸುಮ್ಮನೆ ನೋಡುತ್ತಾ ನಿಂತಿದ್ದಳಲ್ಲ ಅನ್ನುವುದಕ್ಕೆ.

ಅಪ್ಪ ಮಗಳು ಕೂತು ಮಾತಾಡಿಕೊಂಡಿದ್ದಾರೆ: ಡಿಗ್ರಿ ಮುಗಿದ ಮೇಲೆ ಇನ್ನೆರಡು ಸಲ, ಆಗದಿದ್ದರೆ ಬೇರೆ ದಾರಿ. ಅಷ್ಟರವರೆಗೆ ನೆಂಟರ ಹತ್ತಿರ ಬಾಯಿ ಬಿಡುವುದಿಲ್ಲ ಅಂತ ಅಮ್ಮನೂ ಒಪ್ಪಿದ್ದಾರಂತೆ. ಅದೊಂದರ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.